"ಅಲ್ಲಿ ನೋಡಿಕೊಳ್ತಾರೆ"

ಹೋದ ವಾರ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಭಾವ ಒಂದು ಸುದ್ದಿ ಹಾಕಿದರು. ಯುರೋಪಿನ ಕೋರ್ಟೊಂದು ಶಂಕಿತ ಉಗ್ರನೊಬ್ಬನ ಗಡೀಪಾರಿಗೆ ತಡೆ ಕೊಟ್ಟಿತ್ತು. ಅವನ ದೇಶದ ಜೈಲಿನಲ್ಲಿ ಚಿತ್ರಹಿಂಸೆ ನಡೆಯುತ್ತದೆ ಎಂಬ ಕಾರಣಕ್ಕೆ. ಕೆಳಗೆ ಭಾವ ಬರೆದದ್ದು: "ಇಂಥವರಿಗೆಲ್ಲ ಎಂಥ ಕೋರ್ಟು? ವಿಮಾನ ಹತ್ತಿಸಿ ಬಿಟ್ಟರಾಯಿತು. ಅಲ್ಲಿ ನೋಡಿಕೊಳ್ತಾರೆ." ಹನ್ನೊಂದು ಮಂದಿ ಹೆಬ್ಬೆರಳು ಎತ್ತಿದರು.

ಆ "ನೋಡಿಕೊಳ್ತಾರೆ" ಎಂಬ ಮಾತು ನನ್ನನ್ನು ಬಿಡುತ್ತಾ ಇಲ್ಲ. ಎರಡು ವರ್ಷದ ಹಿಂದೆ ಅಮ್ಮ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಗ, ಮೂರು ರಾತ್ರಿ ನಿದ್ದೆಗೆಟ್ಟಿದ್ದ ನನ್ನ ಹತ್ತಿರ "ನೀನು ಮನೆಗೆ ಹೋಗಿ ಮಲಗು, ನಾನು ನೋಡಿಕೊಳ್ತೇನೆ" ಅಂದವರೂ ಇದೇ ಭಾವ. ನೋಡಿಕೊಂಡರು ಕೂಡ, ಸ್ವಂತ ಮಗನ ಹಾಗೆ. ಅಂಥವರ ಬಾಯಲ್ಲಿ ಅದೇ ಶಬ್ದ ಹೀಗೆ ಬಂತಲ್ಲ ಎಂದು ಸಂಕಟವಾಯಿತು. ಅಲ್ಲಿ ಏನು ಮಾಡುತ್ತಾರೆ ಎಂಬುದು ಅವರ ಕಣ್ಣಿಗೆ ಕಟ್ಟಿರಲಿಕ್ಕಿಲ್ಲ. ನನ್ನ ಕಣ್ಣಿಗೆ ಕಟ್ಟುತ್ತದೆ. ಯಾಕೆಂದು ಹೇಳುತ್ತೇನೆ, ಉದ್ದವಾದರೂ ಓದಿ.

ಕಾಸರಗೋಡಿನಲ್ಲಿ ಮಲಯಾಳದ ಕಾಗದಪತ್ರಗಳನ್ನು ಕನ್ನಡದವರಿಗೆ ಓದಿ ಹೇಳುವುದು, ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಹದಿನೆಂಟು ವರ್ಷವಾಯಿತೋ ಏನೋ, ನಮ್ಮ ಬದಿಯ ಒಂದು ತೋಟದ ಮನೆಯಿಂದ ನಾಲ್ಕು ಗೋಣಿ ಸುಲಿದ ಅಡಿಕೆ ಕಾಣೆಯಾಯಿತು. ಅನುಮಾನ ಬಿದ್ದದ್ದು ಅಲ್ಲಿ ಮರ ಹತ್ತಿ ಅಡಿಕೆಯ ಕೊನೆ (ಗೊನೆ) ತೆಗೆಯಲು ಬರುತ್ತಿದ್ದ ಒಬ್ಬನ ಮೇಲೆ. ಅವನನ್ನು ಎರಡು ಹಗಲು, ಎರಡು ರಾತ್ರಿ ಠಾಣೆಯಲ್ಲಿ ಇಟ್ಟುಕೊಂಡರು. ಮೂರನೇ ದಿನ ಅವನ ಹೆಂಡತಿ ಅತ್ತುಕೊಂಡು ಬಂದಳೆಂದು ನಾನು ಹೋದೆ. ಅವನು ಸಹಿ ಹಾಕಿದ ಹೇಳಿಕೆ ಮೇಜಿನ ಮೇಲಿತ್ತು. ಮೂರನೇ ಕ್ಲಾಸಿನವರೆಗೆ ಕನ್ನಡ ಓದಿದವನ ಹೇಳಿಕೆ ಪೂರ್ತಿ ಮಲಯಾಳದಲ್ಲಿ. ನಾನು ಓದಿ ಹೇಳಿದೆ. ಕದ್ದದ್ದು ಹೌದು ಎಂದಿತ್ತು. ಮಾರಿದ ಅಂಗಡಿಯ ಹೆಸರೂ ಇತ್ತು. "ಈ ಅಂಗಡಿ ಎಲ್ಲಿ ಉಂಟು ಅಣ್ಣೇರೇ?" ಎಂದು ಅವನೇ ನನ್ನನ್ನು ಕೇಳಿದ.

ಮನೆಗೆ ಬಂದ ಮೇಲೆ ನಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತ. ಅಂಗಾಲು ಎರಡೂ ಬಾತು ಕಪ್ಪಾಗಿದ್ದವು. ಮುಟ್ಟಿದರೆ ಬಿಸಿ. ಕಾಲಿಗೆ ತಳೆ ಹಾಕಿ ದಿನಕ್ಕೆ ನೂರು ಮರ ಹತ್ತುತ್ತಿದ್ದವನು ಪಾದದ ಅಂಚು ಊರಿಕೊಂಡು ಬಾವಿಕಟ್ಟೆಗೆ ಹೋಗುವುದನ್ನು ನಾನು ನೋಡಿದೆ. ಮಾಡದ್ದನ್ನು ಯಾಕೆ ಒಪ್ಪಿಕೊಂಡೆ ಮಾರಾಯಾ ಎಂದರೆ, "ಒಪ್ಪಿಕೊಂಡರೆ ಕೂತುಕೊಳ್ಳಲಿಕ್ಕೆ ಬಿಡ್ತಾರಲ್ಲ ಅಣ್ಣೇರೇ" ಅಂದ. ಅಡಿಕೆ ಮಾರಿದ್ದು ಆ ಮನೆಯ ಮಗನೇ ಎಂದು ಮಳೆಗಾಲ ಮುಗಿಯುವ ಹೊತ್ತಿಗೆ ಗೊತ್ತಾಯಿತು. ಇವನ ಹತ್ತಿರ ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ.

ನಾಲ್ಕು ಗೋಣಿ ಅಡಿಕೆಗೆ ಇಷ್ಟು. ಇನ್ನು ಬಾಂಬಿನ ಆರೋಪ ಹೊತ್ತವನಿಗೆ ಎಷ್ಟು?

ಅಲ್ ಖೈದಾದವನೆಂಬ ಶಂಕೆಯಲ್ಲಿ ಸಿಕ್ಕಿಬಿದ್ದ ಇಬ್ನ್ ಅಲ್ ಶೇಖ್ ಅಲ್ ಲಿಬಿ ಎಂಬವನನ್ನು ಅಮೆರಿಕದವರು ಈಜಿಪ್ಟಿಗೆ ಒಪ್ಪಿಸಿದ್ದರು, ಅಲ್ಲಿ ನೋಡಿಕೊಳ್ತಾರೆ ಎಂಬ ಲೆಕ್ಕದಲ್ಲೇ. ಈಜಿಪ್ಟಿನಲ್ಲಿ ಹಿಂಸೆ ತಡೆಯಲಾಗದೆ, ಇರಾಕ್ ಅಲ್ ಖೈದಾದವರಿಗೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಎಂದು ಬಾಯಿಬಿಟ್ಟ. 2003ರ ಫೆಬ್ರವರಿಯಲ್ಲಿ ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಅದನ್ನೇ ಸಾಕ್ಷ್ಯವೆಂದು ಹೇಳಿದರು. ಮರುತಿಂಗಳು ಯುದ್ಧ. ಆಮೇಲೆ ಅವನು ಆ ಮಾತೆಲ್ಲ ಸುಳ್ಳು ಎಂದ. ಅಷ್ಟರಲ್ಲಿ ಇರಾಕಿನಲ್ಲಿ ಎಷ್ಟು ಮನೆಯ ದೀಪ ಆರಿತ್ತು! ನಮ್ಮ ಕೊನೆ ತೆಗೆಯುವವನು ಹೇಳಿದ ಅಂಗಡಿಯ ಹಾಗೆಯೇ ಅದೂ, ಕೇಳಿದವರಿಗೆ ಬೇಕಾದದ್ದನ್ನು ಹೇಳಿದ್ದು.

ಈಗ ಭಾವನಿಗೆ, ಆ ಹನ್ನೊಂದು ಮಂದಿಗೆ ಮುಖ್ಯವಾಗಿ ಹೇಳಬೇಕಾದದ್ದು. "ಹಿಂಸೆ ಕೊಡುವ ದೇಶ" ಎಂದಾಗ ನಮ್ಮ ಮನಸ್ಸಿಗೆ ಸಿರಿಯಾ, ಈಜಿಪ್ಟ್ ಬರುತ್ತದೆ. ಆದರೆ ಈ ವಿಷಯದಲ್ಲಿ ಇವತ್ತಿಗೂ ಎಲ್ಲರೂ ಎತ್ತಿ ಹೇಳುವ ತೀರ್ಪಿನಲ್ಲಿ ಆ ದೇಶ ನಮ್ಮದು. ಬ್ರಿಟನ್ನಿನಲ್ಲಿದ್ದ ಕರಮ್‌ಜಿತ್ ಸಿಂಗ್ ಚಾಹಲ್ ಖಾಲಿಸ್ತಾನದ ಪರ ಇದ್ದವರು. ದೇಶದ ಭದ್ರತೆಗೆ ಅಪಾಯವೆಂದು 1990ರ ಆಗಸ್ಟಿನಲ್ಲಿ ಅವರನ್ನು ಹಿಡಿದು, ಭಾರತಕ್ಕೆ ಕಳಿಸುತ್ತೇವೆ ಎಂದು ಆರು ವರ್ಷಕ್ಕಿಂತ ಹೆಚ್ಚು ಒಳಗಿಟ್ಟರು. 1984ರಲ್ಲಿ ಊರಿಗೆ ಹೋಗಿದ್ದಾಗ ಪಂಜಾಬ್ ಪೊಲೀಸರು ತನಗೆ ಹೊಡೆದು ಕರೆಂಟು ಕೊಟ್ಟಿದ್ದರು ಎಂದು ಅವರು ಹೇಳಿದರು. ಹಾಗೇನೂ ಆಗುವುದಿಲ್ಲ ಎಂದು ಭಾರತ ಸರ್ಕಾರ ಭರವಸೆ ಕೊಟ್ಟಿತು. 1996ರ ನವೆಂಬರ್ 15ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಭಾರತದ ಭರವಸೆಯ ಪ್ರಾಮಾಣಿಕತೆಯಲ್ಲಿ ಅನುಮಾನ ಇಲ್ಲ, ಆದರೆ ಪೊಲೀಸರು ಅದಕ್ಕೆ ಬಗ್ಗುತ್ತಾರೆ ಎಂಬ ನಂಬಿಕೆ ಇಲ್ಲ ಎಂದು ಕಳಿಸುವುದನ್ನು ತಡೆಯಿತು. ಮನುಷ್ಯ ಎಷ್ಟೇ ಅಪಾಯಕಾರಿಯಾಗಿರಲಿ, ಈ ವಿಷಯದಲ್ಲಿ ತಕ್ಕಡಿ ಹಿಡಿಯುವ ಹಾಗಿಲ್ಲ ಎಂದಿತು. ಹನ್ನೆರಡು ನ್ಯಾಯಾಧೀಶರು ಹೌದೆಂದರು, ಏಳು ಮಂದಿ ಒಪ್ಪಲಿಲ್ಲ.

ನಮಗೆ ಅವಮಾನ ಅನಿಸುತ್ತದೆ, ನಿಜ. ಆದರೆ ಒಂದು ತಿಂಗಳು ಕಳೆದು, ಅದೇ ವರ್ಷದ ಡಿಸೆಂಬರ್ 18ಕ್ಕೆ, ಡಿ.ಕೆ. ಬಸು ಪ್ರಕರಣದಲ್ಲಿ ನಮ್ಮದೇ ಸುಪ್ರೀಂ ಕೋರ್ಟು ಲಾಕಪ್ ಸಾವು, ಲಾಕಪ್ ಹಿಂಸೆಯ ಬಗ್ಗೆ ಸಿಟ್ಟಿನಿಂದ ಬರೆದು, ಬಂಧಿಸುವಾಗ ಏನೇನು ಮಾಡಬೇಕೆಂದು ಪಟ್ಟಿ ಕೊಟ್ಟಿತು. ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ಡಾಕ್ಟರಿಗೆ ತೋರಿಸಬೇಕು ಎಂದೆಲ್ಲ. ನಮ್ಮ ಕೊನೆ ತೆಗೆಯುವವನನ್ನು ಹಿಡಿದದ್ದು ಆ ಪಟ್ಟಿ ಬಂದು ಎಷ್ಟೋ ವರ್ಷದ ಮೇಲೆ.

ಕೇರಳದವರಿಗಂತೂ ಇದು ದೂರದ ಕತೆಯಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು, ನಕ್ಸಲ್ ಎಂಬ ಅನುಮಾನದಲ್ಲಿ ಕಲ್ಲಿಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನನ್ನು ಕೊಂಡುಹೋದರು. ಕಕ್ಕಯಂನ ಪೊಲೀಸ್ ಕ್ಯಾಂಪಿಗೆ ಹೋದ ಹುಡುಗ ವಾಪಸು ಬರಲಿಲ್ಲ. ತಂದೆ ಈಚರ ವಾರಿಯರ್ ಸಾಯುವವರೆಗೂ ಹುಡುಕಿದರು. ಹೆಣ ಕೂಡ ಸಿಗಲಿಲ್ಲ. ಅವನೂ "ಶಂಕಿತ"ನೇ.

ಭರವಸೆ ಬರೆಸಿಕೊಂಡು ಕಳಿಸಿದರಾಗದೇ ಎಂದು ಕೇಳುವವರಿದ್ದಾರೆ. ಸ್ವೀಡನ್ ಹಾಗೆಯೇ ಮಾಡಿತು. 2001ರ ಡಿಸೆಂಬರ್ 18ರ ರಾತ್ರಿ ಸ್ಟಾಕ್‌ಹೋಮಿನ ಬ್ರೊಮ್ಮಾ ವಿಮಾನ ನಿಲ್ದಾಣದಲ್ಲಿ ಅಹ್ಮದ್ ಅಗಿಜಾ ಮತ್ತು ಮಹಮದ್ ಅಲ್‌ಜೇರಿ ಎಂಬ ಇಬ್ಬರನ್ನು ಮುಸುಕು ಹಾಕಿದ ಅಮೆರಿಕದ ಏಜೆಂಟರ ಕೈಗೆ ಕೊಟ್ಟರು. ಮೈಮೇಲಿನ ಬಟ್ಟೆ ಕತ್ತರಿಯಲ್ಲಿ ಕತ್ತರಿಸಿ, ಡಯಾಪರ್ ಕಟ್ಟಿ, ತಲೆಗೆ ಚೀಲ ಹಾಕಿ ಕೈರೋಗೆ ಒಯ್ದರು. ಹಿಂಸೆ ಕೊಡುವುದಿಲ್ಲ ಎಂದು ಈಜಿಪ್ಟ್ ಮಾತು ಕೊಟ್ಟಿತ್ತು. ಸ್ವೀಡನ್ನಿನ ರಾಯಭಾರಿ ಅವರನ್ನು ನೋಡಲು ಹೋದದ್ದು ಐದು ವಾರ ಕಳೆದು! ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಅಲ್‌ಜೇರಿಯ ಮೇಲೆ ಕೊನೆಗೂ ಒಂದು ಆರೋಪಪಟ್ಟಿ ಹಾಕಲಿಲ್ಲ. ವಿಶ್ವಸಂಸ್ಥೆಯ ಸಮಿತಿ ಸ್ವೀಡನ್ ತಪ್ಪು ಮಾಡಿದೆ ಎಂದಿತು, ಪರಿಹಾರವನ್ನೂ ಕೊಡಬೇಕಾಯಿತು. ಇಂಥದ್ದು ಮಾಡಲೇಬಾರದೆಂದು ಕಾನೂನಿದ್ದರೂ ಕದ್ದು ಮಾಡುವವರು, ಒಪ್ಪಂದದ ಕಾಗದಕ್ಕೆ ಹೆದರುತ್ತಾರೆಯೇ?

"ಸತ್ತವರ ಮನೆಯವರ ಕಷ್ಟ ನಿನಗೆ ಗೊತ್ತಿಲ್ಲ" ಎಂದು ಭಾವ ಹೇಳಿಯಾರು. ಆ ಮಾತಿಗೆ ನಾನು ತಲೆ ಬಾಗುತ್ತೇನೆ. 2008ರಲ್ಲಿ ಮುಂಬೈಯ ಮೇಲೆ ದಾಳಿಯಾಗಿ 166 ಮಂದಿ ಸತ್ತಾಗ ನಾನೂ ಟಿವಿ ಮುಂದೆ ಕೂತು ಅತ್ತಿದ್ದೇನೆ. ಆದರೆ ಕೈಯಲ್ಲಿ ಬಂದೂಕು ಹಿಡಿದದ್ದನ್ನು ಲೋಕವೇ ನೋಡಿದ್ದ ಕಸಬ್‌ಗೂ ನಾವು ವಕೀಲರನ್ನು ಕೊಟ್ಟು, ಸಾಕ್ಷಿಗಳನ್ನು ಕರೆಸಿ, ಸುಪ್ರೀಂ ಕೋರ್ಟಿನವರೆಗೆ ವಿಚಾರಣೆ ಮಾಡಿದೆವು. ಯಾರಿಗೂ ಒಪ್ಪಿಸಿ ಕೈತೊಳೆದುಕೊಳ್ಳಲಿಲ್ಲ. ಸಾಕ್ಷ್ಯ ಇದ್ದರೆ ಇದ್ದಲ್ಲೇ ಕೇಸು ನಡೆಸಬಹುದು. ನಡೆಸುವುದು ಕಷ್ಟ, ಖರ್ಚು, ವರ್ಷಗಟ್ಟಲೆ ಹಿಡಿಯುತ್ತದೆ. ಅದು ಸರ್ಕಾರದ ಹೊಣೆ.

ಲಾಕಪ್ ಹಿಂಸೆಯಿಂದಾಗಿ ನ್ಯಾಯ ಕೇಳುವವರಿಗೇ ಮೋಸವಾಗುವುದೂ ಉಂಟು. 1995ರ ಡಿಸೆಂಬರಿನಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಎಕೆ-47ಗಳನ್ನು ಉದುರಿಸಿದ ಕೇಸಿನ ಮುಖ್ಯ ಆರೋಪಿ ಕಿಮ್ ಡೇವಿ ಡೆನ್ಮಾರ್ಕಿನವನು. ಅಲ್ಲಿನ ಸರ್ಕಾರ ಅವನನ್ನು ಕೊಡಲು ಒಪ್ಪಿತ್ತು. 2011ರಲ್ಲಿ ಅಲ್ಲಿನ ಹೈಕೋರ್ಟು, ಭಾರತದಲ್ಲಿ ಚಿತ್ರಹಿಂಸೆಯ ಅಪಾಯವಿದೆ ಎಂದು ಕೊಡಲು ಬಿಡಲಿಲ್ಲ. 2024ರಲ್ಲಿ ಮತ್ತೊಂದು ಕೋರ್ಟೂ ಹಾಗೆಯೇ ಹೇಳಿತು. ಆ ಅಸ್ತ್ರ ಯಾರಿಗೆ ಬಂತು, ಯಾಕೆ ಬಂತು ಎಂದು ನಮ್ಮ ಕೋರ್ಟಿನಲ್ಲಿ ಅವನ ಬಾಯಿಂದ ಕೇಳುವ ಅವಕಾಶವೇ ತಪ್ಪಿತು. ಅದಕ್ಕೆ ಕಾರಣ ನಮ್ಮ ಲಾಕಪ್ಪುಗಳ ಹೆಸರು.

ನಮ್ಮ ಜಿಲ್ಲೆಗೆ ಇನ್ನೊಂದು ಗಾಯ ಉಂಟು. 2016ರಲ್ಲಿ ಪಡನ್ನ, ತೃಕ್ಕರಿಪುರ ಕಡೆಯಿಂದ ಕೆಲವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಐಸಿಸ್ ಸೇರಲು ಅಫ್ಘಾನಿಸ್ತಾನಕ್ಕೆ ಹೋದರು. ಗಂಡಸರಲ್ಲಿ ಎಷ್ಟೋ ಮಂದಿ ಅಲ್ಲಿ ಸತ್ತರು, ಕೆಲವು ಹೆಂಗಸರು ಮಕ್ಕಳ ಸಮೇತ ಕಾಬೂಲಿನ ಜೈಲು ಸೇರಿದರು. "ಅಲ್ಲೇ ಕೊಳೆಯಲಿ" ಎಂದು ಆಗ ನಾನೂ ಹೇಳಿದ್ದೆ. ಆ ಮಕ್ಕಳ ವಯಸ್ಸು ಕೇಳಿದ ಮೇಲೆ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಅವರನ್ನು ಕರೆಸಿ ವಿಚಾರಣೆ ಮಾಡಿ, ತಪ್ಪಿದ್ದರೆ ಶಿಕ್ಷೆ ಕೊಡಿ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಮತ್ತೆ, ನಮ್ಮಲ್ಲಿ ಗಲ್ಫಿನಲ್ಲಿ ಯಾರೂ ಇಲ್ಲದ ಮನೆ ಎಷ್ಟಿದೆ? ಕುಂಬಳೆಯಿಂದ ಹೋದ ಹುಡುಗನಿಂದ ನಾಳೆ ಭಾಷೆ ಗೊತ್ತಿಲ್ಲದ ಠಾಣೆಯಲ್ಲಿ, ಓದಲಾಗದ ಕಾಗದಕ್ಕೆ ಸಹಿ ಹಾಕಿಸಿದರೆ, ನಾವು ಯಾವ ಬಾಯಲ್ಲಿ ಕೇಳುವುದು?

ಚಿತ್ರಹಿಂಸೆ ವಿರುದ್ಧ ವಿಶ್ವಸಂಸ್ಥೆಯ 1984ರ ಒಪ್ಪಂದದ ಮೂರನೇ ವಿಧಿ, ಹಿಂಸೆಯ ಅಪಾಯ ಇರುವಲ್ಲಿಗೆ ಯಾರನ್ನೂ ಕಳಿಸಬಾರದು ಎನ್ನುತ್ತದೆ. ಯಾರನ್ನೂ. ಭಾರತ ಅದಕ್ಕೆ 1997ರ ಅಕ್ಟೋಬರಿನಲ್ಲಿ ಸಹಿ ಹಾಕಿದೆ, ಅನುಮೋದನೆ ಮಾತ್ರ ಕೊಟ್ಟಿಲ್ಲ. 2010ರಲ್ಲಿ ಹಿಂಸೆ ತಡೆ ಮಸೂದೆ ಲೋಕಸಭೆಯಲ್ಲಿ ಪಾಸಾಗಿ ರಾಜ್ಯಸಭೆಯಲ್ಲಿ ಸಿಕ್ಕಿಬಿದ್ದು ಬಿದ್ದೇ ಹೋಯಿತು. 2017ರಲ್ಲಿ ಕಾನೂನು ಆಯೋಗವೂ ಇಂಥ ಕಾನೂನು ಬೇಕೆಂದು ವರದಿ ಕೊಟ್ಟಿತು. ಆ ಕಾನೂನು ತನ್ನಿ ಎಂದು ನಮ್ಮ ಸಂಸದರಿಗೆ ಪತ್ರ ಬರೆದಿದ್ದೇನೆ, ಕನ್ನಡದಲ್ಲೂ ಮಲಯಾಳದಲ್ಲೂ. ಸಹಿ ಹಾಕುವ ಮನಸ್ಸಿರುವವರು ಕೆಳಗೆ ಹೇಳಿ, ಪ್ರತಿ ಕಳಿಸುತ್ತೇನೆ. ಭಾವನಿಗೆ ನಿನ್ನೆಯೇ ಕಳಿಸಿದ್ದೇನೆ. ಓದಿದ್ದಾರೆ, ಎರಡು ನೀಲಿ ಗೆರೆ ಬಂದಿದೆ. ಇನ್ನೂ ಏನೂ ಹೇಳಿಲ್ಲ.