ಫ್ಲೆಕ್ಸ್‌ನಲ್ಲಿದ್ದವರು ನಮ್ಮ ತಾತ ಅಲ್ಲ

ಫ್ಲೆಕ್ಸ್ ಮಾಡಿಸಿದ ಮಹಾನುಭಾವರೇ, ಯುದ್ಧವಿಮಾನ ಯಾಕ್ರೀ ಹಾಕಿಸಿದ್ರಿ?

ಮೊನ್ನೆ ತಾತನ ಹನ್ನೊಂದನೇ ದಿನದ ಕಾರ್ಯ ಇತ್ತು. ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ಆಳೆತ್ತರದ ಫ್ಲೆಕ್ಸ್. ಮೇಲೆ ವಿಮಾನ, ಕೆಳಗೆ ಟ್ಯಾಂಕು, ಮಧ್ಯೆ ಯಾರದೋ ಜಿಮ್ ಮೈಗೆ ತಾತನ ಆಧಾರ್ ಕಾರ್ಡಿನ ಮುಖ. ಕೈಯಲ್ಲಿ ಮೆಷಿನ್ ಗನ್. ‘ಶತ್ರುಗಳ ರುಂಡ ಚೆಂಡಾಡಿದ ವೀರಯೋಧ’ ಅಂತೆ. ಕೆಳಗೆ ಶ್ರದ್ಧಾಂಜಲಿ ಕೋರುವವರ ಸಾಲು ಸಾಲು ಫೋಟೋಗಳು. ಒಬ್ಬರಂತೂ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಗುತ್ತಿದ್ದಾರೆ.

ನಿಮಗೆಲ್ಲ ಗೊತ್ತಲ್ಲ, ತಾತ ಎಂಇಜಿಯವರು, ಅಂದರೆ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿದೆಯಲ್ಲ, ಅದೇ ಮದ್ರಾಸ್ ಸ್ಯಾಪರ್ಸ್. 1780ರಿಂದ ಇರುವ ಪಡೆ. ಸೈನ್ಯದಲ್ಲಿ ಅವರನ್ನು ‘ತಂಬಿ’ಗಳು ಅಂತ ಕರೆಯುತ್ತಾರೆ. ಬಂದೂಕು ಇರುತ್ತೆ, ಆದರೆ ಕೆಲಸ ಬೇರೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲದಲ್ಲಿ ಹೂತಿಟ್ಟ ಮೈನು ತೆಗೆಯುವುದು.

1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ, ತಾತ ಇದ್ದದ್ದು ಶಕರ್‌ಗಢದ ಕಡೆ, ಬಸಂತರ್ ನದಿ ಹತ್ತಿರ. ಆ ಕದನ ಅಂದರೆ ಎಲ್ಲರೂ ಹೇಳುವ ಹೆಸರು ಅರುಣ್ ಖೇತರ್‌ಪಾಲ್. ಟ್ಯಾಂಕಿನಲ್ಲಿ ಹೋರಾಡುತ್ತಲೇ ಮಡಿದ 21 ವರ್ಷದ ಹುಡುಗ, ಪರಮವೀರ ಚಕ್ರ. ಹೇಳಲೇಬೇಕಾದ ಹೆಸರೇ. ಆದರೆ ಆ ಟ್ಯಾಂಕುಗಳು ಮುಂದೆ ಹೋಗಬೇಕಾದರೆ ಮೊದಲು ಯಾರೋ ಮೈನುಗಳ ನಡುವೆ ದಾರಿ ಬಿಡಿಸಬೇಕಿತ್ತಲ್ವಾ? 15ರ ರಾತ್ರಿ ಆ ಕೆಲಸದಲ್ಲಿದ್ದವರು ಸ್ಯಾಪರ್‌ಗಳು. ಕತ್ತಲು, ಚಳಿ, ಮೇಲಿಂದ ಶೆಲ್ಲು. ಕೆಲಸ ಪೂರ್ತಿ ಮುಗಿಯುವ ಮೊದಲೇ, ಆಚೆ ದಡದ ನಮ್ಮವರಿಗೆ ನೆರವು ತುರ್ತಾಗಿ ಬೇಕಾಗಿ ಟ್ಯಾಂಕುಗಳು ಮೈನಿನ ಹೊಲದಲ್ಲೇ ನುಗ್ಗಿದವು. ಇದೇ ಕದನದಲ್ಲಿ 9 ಎಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತ್ತನ್ ಚೌಧರಿ ಅವರಿಗೆ ಮಹಾವೀರ ಚಕ್ರ ಬಂತು, ಸತ್ತ ಮೇಲೆ. ಅವರ ಫೋಟೋ ಯಾವ ಆಟೋ ಹಿಂದೆಯೂ ನೋಡಿಲ್ಲ ನಾನು.

ತಾತ ಇದನ್ನೆಲ್ಲ ಹೇಳುತ್ತಿದ್ದದ್ದೇ ಕಡಿಮೆ. ಎಷ್ಟು ಜನರನ್ನು ಹೊಡೆದ್ರಿ ಅಂತ ಹುಡುಗರು ಕೇಳಿದರೆ, ‘ನಾನು ನೆಲ ಕೆದಕ್ತಿದ್ದೆ ಕಣ್ರೋ, ಹೋಗ್ರೋ’ ಅನ್ನುತ್ತಿದ್ದರು. ಅಂಥವರ ಕೈಗೆ ರುಂಡ ಕೊಟ್ಟಿದ್ದೀರಿ.

ಭಾಷಣಗಳ ಕಥೆ ಕೇಳಬೇಡಿ. ಹೊರಗೆ ಊಟಕ್ಕೆ ಎಲೆ ಹಾಕಿ ಕಾಯ್ತಿದ್ದೇವೆ, ಒಳಗೆ ಮೈಕು ಬಿಡೋರಿಲ್ಲ. ಎಲ್ಲರಿಗಿಂತ ಜಾಸ್ತಿ ಗದ್ಗದಿತರಾದವರು ತಿಂಗಳು ತಿಂಗಳು ಮಿಲಿಟರಿ ಕ್ಯಾಂಟೀನ್ ರಮ್ಮಿಗೆ ತಾತನ ಹತ್ತಿರ ಬರುತ್ತಿದ್ದವರು. ತಾತ ಕುಡಿಯುತ್ತಿರಲಿಲ್ಲ. ಅವರ ಕೋಟಾ ಯಾರ ಹೊಟ್ಟೆ ಸೇರುತ್ತಿತ್ತು ಅಂತ ಊರಿಗೆಲ್ಲ ಗೊತ್ತು, ಬಿಡಿ.

‘ಗೌರವ ಕೊಟ್ರೆ ತಪ್ಪೇನಮ್ಮ? ಎಷ್ಟು ಜನಕ್ಕೆ ಈ ಭಾಗ್ಯ ಸಿಗುತ್ತೆ?’ ಅಂದರು ಒಬ್ಬ ದೊಡ್ಡಪ್ಪ. ತಪ್ಪಿಲ್ಲ ದೊಡ್ಡಪ್ಪ. ಆದರೆ ಅವರು ಬದುಕಿದ್ದಾಗ ಮಾಜಿ ಸೈನಿಕರ ಜಮೀನಿನ ಅರ್ಜಿ ಹಿಡಿದು ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದರಲ್ಲ, ಆಗ ಈ ಗೌರವ ಎಲ್ಲಿ ಮಲಗಿತ್ತು? ಫೈಲು ಮೇಲೆ ಹೋಗಿದೆ, ಕೆಳಗೆ ಬಂದಿದೆ. ಜಮೀನು ಬರಲಿಲ್ಲ. ಕೊನೆಗೆ ತಾತನೇ ಅರ್ಜಿಯ ನಕಲನ್ನು ಟ್ರಂಕಿನ ತಳಕ್ಕೆ ಹಾಕಿ, ಮೇಲೆ ರಗ್ಗು ಮಡಚಿಟ್ಟರು.

ಇದನ್ನು ಬರೆಯೋದೋ ಬೇಡವೋ ಗೊತ್ತಾಗುತ್ತಿಲ್ಲ. ಬರೆದುಬಿಡುತ್ತೇನೆ. ಅಪ್ಪ ನಮ್ಮನ್ನು ಬಿಟ್ಟು ಹೋದಾಗ ನಾನು ಮೂರನೇ ಕ್ಲಾಸು. ಅಮ್ಮ ಎರಡು ಬ್ಯಾಗು, ನನ್ನನ್ನು, ತಮ್ಮನನ್ನು ಕರೆದುಕೊಂಡು ತವರಿಗೆ ಬಂದಳು. ತಾತ ಒಂದು ಮಾತೂ ಕೇಳಲಿಲ್ಲ. ಆಗ ಅವರು ಬ್ಯಾಂಕಿನಲ್ಲಿ ಸೆಕ್ಯುರಿಟಿ ಗಾರ್ಡು. ಡ್ಯೂಟಿಗೆ ಹೋಗುವ ಮೊದಲು ನನಗೆ ಜಡೆ ಹಾಕುತ್ತಿದ್ದರು. ಅಮ್ಮ ಹಾಕಿದ್ದು ಮಧ್ಯಾಹ್ನಕ್ಕೇ ಬಿಚ್ಚಿಕೊಳ್ಳುತ್ತಿತ್ತು. ಸೇತುವೆಗೆ ಹಗ್ಗ ಕಟ್ಟಿದ ಕೈ ನೋಡಿ, ತಾತ ಹಾಕಿದ್ದು ಸಂಜೆ ನಾನೇ ಬಿಚ್ಚಬೇಕಿತ್ತು, ಅದೂ ಅಳುತ್ತಾ. ಮಳೆಗಾಲ ಬಂದರೆ ಊರ ಹಳ್ಳಕ್ಕೆ ತೆಂಗಿನ ಮರ ಉರುಳಿಸಿ, ಸ್ಕೂಲು ಮಕ್ಕಳು ದಾಟುವ ಹಾಗೆ ಕಾಲುದಾರಿ ಮಾಡುತ್ತಿದ್ದರು. ಪಂಚಾಯ್ತಿ ಬಿಲ್ಲಿಲ್ಲ, ಉದ್ಘಾಟನೆ ಇಲ್ಲ. ತಾನು ಮೊದಲು ನಡೆದು ನೋಡಿ ಆಮೇಲೆ ನಮ್ಮನ್ನು ಬಿಡುತ್ತಿದ್ದರು. ಅಜ್ಜಿಗೆ ಮಂಡಿನೋವು ಶುರುವಾದ ಮೇಲೆ ಬೆಳಗಿನ ಕಾಫಿ ಅವರದೇ. ಸಕ್ಕರೆ ಸ್ವಲ್ಪ ಜಾಸ್ತಿ.

ಆ ಹಳ್ಳ ದಾಟಿ ಓದಿದವರೇ ಅರ್ಧ ಜನ ಅವತ್ತು ವೇದಿಕೆ ಮೇಲಿದ್ದರು. ಒಬ್ಬರ ಬಾಯಲ್ಲೂ ಹಳ್ಳದ ಮಾತು ಬರಲಿಲ್ಲ. ಎಲ್ಲರಿಗೂ ಗನ್ನೇ ಬೇಕು.

ಇರಲಿ. ಈಗ ಕೆಲಸದ ಮಾತು. ಅಜ್ಜಿಗೆ ಫ್ಯಾಮಿಲಿ ಪೆನ್ಷನ್ ಆಗಬೇಕು. ತಾತನ ಡಿಸ್ಚಾರ್ಜ್ ಬುಕ್ಕಿನಲ್ಲಿ ಅಜ್ಜಿ ಹೆಸರು ಒಂಥರಾ ಇದೆ, ಆಧಾರ್‌ನಲ್ಲಿ ಇನ್ನೊಂಥರಾ. ಸೈನಿಕರ ಪೆನ್ಷನ್ನಿನ ಸ್ಪರ್ಶ್ ಪೋರ್ಟಲ್ ನನಗಂತೂ ಅರ್ಥ ಆಗುತ್ತಿಲ್ಲ. ಇಂಥದ್ದನ್ನು ಮಾಡಿಸಿದ ಅನುಭವ ಯಾರಿಗಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಅಫಿಡವಿಟ್ ಸಾಕಾ, ಮೊದಲು ಸೈನ್ಯದ ರೆಕಾರ್ಡ್ ಆಫೀಸಿಗೆ ಬರೆಯಬೇಕಾ, ಅಷ್ಟು ಹೇಳಿ ಸಾಕು. ಫ್ಲೆಕ್ಸ್‌ನಲ್ಲಿದ್ದವರಿಗೂ ಫೋನ್ ಮಾಡಿದ್ದೆ. ಕೂಲಿಂಗ್ ಗ್ಲಾಸಿನವರು ಮೀಟಿಂಗ್‌ನಲ್ಲಿದ್ದಾರಂತೆ.