ತವರದ ಮೀಸೆ

ಅಮೆರಿಕದ ರಫ್ತು ನಿಯಂತ್ರಣ ಕಾನೂನಿಗೆ ಗಗನಯಾನಿಗಳು ಕೂರುವ ನೌಕೆಯ ಸರ್ಕಿಟ್ ನಕ್ಷೆಯೂ ಆಯುಧದ ನಕ್ಷೆಯೂ ಹೆಚ್ಚು ಕಡಿಮೆ ಒಂದೇ. ಪೌರರಲ್ಲದವರು, ಗ್ರೀನ್ ಕಾರ್ಡ್ ಇಲ್ಲದವರು ಅದನ್ನು ಸುಮ್ಮನೆ ನೋಡುವ ಹಾಗಿಲ್ಲ. ಹ್ಯೂಸ್ಟನ್‌ಗೆ ಬಂದ ನಾನು ಕಾರ್ಡು ಕೈಗೆ ಬರುವ ತನಕ ಎಣ್ಣೆ ಬಾವಿಗೆ ಇಳಿಸುವ ಉಪಕರಣಗಳಿಗೆ ಸರ್ಕಿಟ್ ಬರೆಯುತ್ತ ಕುಳಿತೆ. ಆಕಾಶಕ್ಕೆಂದು ಹೊರಟವನು ಪಾತಾಳ ಸೇರಿದ ಎಂದು ಅಣ್ಣ ನಗುತ್ತಿದ್ದ. ಈಗ ನೌಕೆಗೆ ಸರ್ಕಿಟ್ ಬರೆಯುವ ಕೆಲಸ ಸಿಕ್ಕಿದೆ, ಆದರೆ ಅದರ ಬಗ್ಗೆ ಮಾತನಾಡುವಂತಿಲ್ಲ. ನನ್ನ ಸಹಪಾಠಿಯೊಬ್ಬ ಬೆಂಗಳೂರಿನಲ್ಲಿ ಇದೇ ಬಗೆಯ ಕೆಲಸದಲ್ಲಿದ್ದಾನೆ. ಅವನ ಬಾಯಿಗೂ ಬೀಗ. ಹಾಗಾಗಿ ವಾರಕ್ಕೊಮ್ಮೆ ಫೋನಿನಲ್ಲಿ ಸಿಕ್ಕಾಗ ನಾವಿಬ್ಬರೂ ಐವತ್ತು ವರ್ಷ ಹಿಂದಿನ ಅಪೊಲೊ ನೌಕೆಗಳ ಬಗ್ಗೆ ಜಗಳವಾಡುತ್ತೇವೆ. ಅವು ಯಾರ ಗುಟ್ಟೂ ಅಲ್ಲ.

ಉಪಗ್ರಹದ ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡಿ ಅಭ್ಯಾಸವಿದ್ದವರಿಗೆ ಮನುಷ್ಯರ ನೌಕೆಯ ಪೆಟ್ಟಿಗೆ ಮೊದಮೊದಲು ಕಿರಿಕಿರಿ. ಸರ್ಕಿಟ್ ಸರಿಯಿದ್ದರೆ ಸಾಲದು. ಮೂಲೆ ಚೂಪಾಗಿದ್ದರೆ ಕೈ ಕೊಯ್ಯುತ್ತದೆ, ತಿರಸ್ಕೃತ. ಭೂಮಿಯಲ್ಲಿ ಬಿಸಿ ಗಾಳಿ ತಾನೇ ಮೇಲೇರಿ ಬೋರ್ಡನ್ನು ತಂಪಾಗಿಡುತ್ತದೆ. ಅಲ್ಲಿ ಏರಲು ಮೇಲು ಎಂಬುದೇ ಇಲ್ಲ, ಆದ್ದರಿಂದ ಫ್ಯಾನ್ ಬೇಕು. ಫ್ಯಾನ್ ಇಟ್ಟರೆ ಮಲಗುವವರಿಗೆ ಸದ್ದು. ಇನ್ನು ವಾಸನೆ. ಪೆಟ್ಟಿಗೆಯನ್ನು 49 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಮುಚ್ಚಿಟ್ಟು, ಅದು ಯಾವ ಅನಿಲ ಬಿಡುತ್ತದೆ ಎಂದು ಅಳೆಯುತ್ತಾರೆ. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿರುವ ನಾಸಾದ ಪರೀಕ್ಷಾ ಕೇಂದ್ರದಲ್ಲಿ ವಸ್ತುಗಳನ್ನು ಮೂಸಿ ನೋಡಿ ಅಂಕ ಕೊಡಲೆಂದೇ ಜನರಿದ್ದಾರೆ. ಕಿಟಕಿ ತೆರೆಯಲಾಗದ ಮನೆಗೆ ಸಾಮಾನು ಕೊಳ್ಳುವಾಗ ಇಷ್ಟು ಎಚ್ಚರ ಬೇಕೇ ಬೇಕು.

ಇವೆಲ್ಲ ನಿಯಮಗಳು, ಓದಿ ಕಲಿಯಬಹುದು. ನನಗೆ ಕಲಿಯಲು ಕಷ್ಟವಾದದ್ದು ಒಂದು ಕ್ರಿಯಾಪದವನ್ನು ಬಿಡುವುದು.

ನನ್ನ ಮೊದಲ ಕೆಲಸ ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಮನುಷ್ಯರು ಏರುವ ಯಂತ್ರಕ್ಕಲ್ಲ, ದೂರಸಂಪರ್ಕ ಗೋಪುರಗಳಿಗೆ ವಿದ್ಯುತ್ ಪೂರೈಸುವ ಬೋರ್ಡುಗಳು. ಒಮ್ಮೆ ಶೀತಪೆಟ್ಟಿಗೆಯಲ್ಲಿ ಒಂದು ಬೋರ್ಡಿನ ವೋಲ್ಟೇಜ್ ಕ್ಷಣಕಾಲ ಕುಸಿದು ಮತ್ತೆ ಎದ್ದಿತು. ಮೇಲ್ವಿಚಾರಕರು ಇನ್ನೊಮ್ಮೆ ಹಾಕಿ ಎಂದರು. ಹಾಕಿದೆವು, ಏನೂ ಇಲ್ಲ. ಮೂರನೆಯ ಸಲವೂ ಏನೂ ಇಲ್ಲ. ದಾಖಲೆ ಪುಸ್ತಕದಲ್ಲಿ ನನ್ನ ಕೈಯಾರೆ ‘ಸರಿಯಾಯಿತು’ ಎಂದು ಬರೆದೆ. ಎಂಥ ಸೊಗಸಾದ ಪದ ನೋಡಿ. ಸರಿ ಮಾಡಿದವರು ಯಾರೂ ಇಲ್ಲ, ಕೆಡಿಸಿದವರೂ ಇಲ್ಲ. ಕೆಟ್ಟದ್ದು ತಾನೇ, ಆದದ್ದೂ ತಾನೇ. ಬೋರ್ಡು ಲಾರಿ ಹತ್ತಿತು.

ಹ್ಯೂಸ್ಟನ್‌ನಲ್ಲಿ ಅಂಥದ್ದೇ ಒಂದು ಕ್ಷಣ ಬಂತು. ಪರದೆಯ ಮೇಲೆ ಕರೆಂಟಿನ ಗೆರೆ ಒಮ್ಮೆ ನೆಗೆದು ಇಳಿಯಿತು, ಮತ್ತೆ ನೆಗೆಯಲಿಲ್ಲ. ನನ್ನ ಕೈ ಅಭ್ಯಾಸಬಲದಿಂದ ಮರುಪರೀಕ್ಷೆಯ ಗುಂಡಿಯ ಕಡೆ ಹೋಯಿತು. ಪಕ್ಕದಲ್ಲಿದ್ದ ತಂತ್ರಜ್ಞೆ, ನನಗಿಂತ ಚಿಕ್ಕವಳು, ಮುಟ್ಟಬೇಡಿ ಎಂದಳು. ಯಾವ ತಂತಿಯನ್ನೂ ಅಲುಗಿಸದೆ ಮೊದಲು ಫೋಟೊ, ಆಮೇಲೆ ವರದಿ. ಮತ್ತೆ ಕಾಣಿಸದ ದೋಷಕ್ಕೆ ಇಲ್ಲಿ ಹೆಚ್ಚು ಮರ್ಯಾದೆ. ಕಾರಣ ಸಿಗದಿದ್ದರೆ, ಅದು ಹಾರಾಟದ ಅತಿ ಕೆಟ್ಟ ಗಳಿಗೆಯಲ್ಲೇ ಬರುತ್ತದೆ ಎಂದು ಹಿಡಿದು ಲೆಕ್ಕ ಹಾಕಬೇಕು, ಆ ಲೆಕ್ಕದ ಕೆಳಗೆ ಹೆಸರು ಬರೆದು ಸಹಿ ಮಾಡಬೇಕು.

ಮೂರು ವಾರ ಹುಡುಕಿದೆವು. ದೋಷ ನೌಕೆಯ ಬೋರ್ಡಿನದಲ್ಲ, ನೆಲದ ಮೇಲಿನ ಪರೀಕ್ಷಾ ಉಪಕರಣದೊಳಗಿನ ಒಂದು ಅಗ್ಗದ ರಿಲೇ ಸ್ವಿಚ್ಚಿನದು. ಅದರ ಲೋಹಕ್ಕೆ ಶುದ್ಧ ತವರದ ಲೇಪನವಿತ್ತು. ಸೀಸ ಬೆರೆಸದ ತವರಕ್ಕೆ ಮೀಸೆ ಬೆಳೆಯುತ್ತದೆ. ಕೂದಲಿಗಿಂತ ಎಷ್ಟೋ ತೆಳ್ಳಗಿನ ಎಳೆಗಳು, ತಿಂಗಳುಗಟ್ಟಲೆ, ಯಾರೂ ನೀರೆರೆಯದೆ. ಒಂದು ಎಳೆ ಪಕ್ಕದ ಪಿನ್ನಿಗೆ ತಗುಲಿದರೆ ಶಾರ್ಟ್. ಆ ಕರೆಂಟಿಗೆ ಎಳೆಯೇ ಉರಿದುಹೋದರೆ, ಸರಿಯಾಯಿತು! ಸೂಕ್ಷ್ಮದರ್ಶಕದಲ್ಲಿ ಬೆಳಕನ್ನು ಓರೆಯಾಗಿ ಬಿಟ್ಟಾಗ ಉಳಿದ ಮೀಸೆಗಳು ಮಿನುಗಿದವು. ಇದೇ ಭಯಕ್ಕೆ ಬಾಹ್ಯಾಕಾಶದ ತವರ ಲೇಪನಗಳಲ್ಲಿ ಕನಿಷ್ಠ ಶೇ. 3ರಷ್ಟು ಸೀಸ ಇರಲೇಬೇಕೆಂಬ ನಿಯಮವಿದೆ. ತವರಕ್ಕೂ ತವರಿಗೂ ಕನ್ನಡದಲ್ಲಿ ಒಂದೇ ಕೊಂಬಿನ ಅಂತರ. ಪೀಣ್ಯದ ಆ ಬೋರ್ಡಿನಲ್ಲಿ ಏನಿತ್ತೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಇದನ್ನೆಲ್ಲ ಹೇಳಿದರೆ ಗೆಳೆಯನಿಗೆ ಸಿಟ್ಟು. ಅಮೆರಿಕದವರು ಹುಟ್ಟಿನಿಂದಲೇ ಹೀಗಿದ್ದರೇ ಎಂದು ಕೇಳುತ್ತಾನೆ. ಇರಲಿಲ್ಲ. ಅಪೊಲೊ 13ರ ಆಮ್ಲಜನಕದ ತೊಟ್ಟಿ 1970ರ ಮಾರ್ಚ್‌ನಲ್ಲಿ, ನೆಲದ ಮೇಲೆಯೇ, ಸರಿಯಾಗಿ ಖಾಲಿಯಾಗಲು ಒಪ್ಪಲಿಲ್ಲ. ಏಕೆಂದು ಬಿಚ್ಚಿ ನೋಡುವ ಬದಲು ಒಳಗಿನ ಹೀಟರನ್ನು ಗಂಟೆಗಟ್ಟಲೆ ಹಾಕಿ ಆಮ್ಲಜನಕವನ್ನು ಕುದಿಸಿ ಹೊರಹಾಕಿದರು. ಹೀಟರಿನ ಥರ್ಮೋಸ್ಟಾಟ್ ಸ್ವಿಚ್ 28 ವೋಲ್ಟಿಗೆ ಮಾಡಿದ್ದು, ನೆಲದ ಪೂರೈಕೆ 65 ವೋಲ್ಟ್. ಸ್ವಿಚ್ ತೆರೆಯಲು ಹೋಗಿ ಬೆಸೆದುಕೊಂಡಿತು. ತಾಪಮಾನದ ಮುಳ್ಳು 80 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲೆ ತೋರಿಸುವಂತೆಯೇ ಇರಲಿಲ್ಲ, ಒಳಗೆ ತಂತಿಯ ಹೊದಿಕೆ ಸುಡುತ್ತಿದ್ದುದು ಯಾರಿಗೂ ಕಾಣಲಿಲ್ಲ. ತೊಟ್ಟಿ ಖಾಲಿಯಾಯಿತು. ಸರಿಯಾಯಿತು. ಏಪ್ರಿಲ್‌ನಲ್ಲಿ ಚಂದ್ರನ ದಾರಿಯಲ್ಲಿ ಸಿಡಿಯಿತು.

ಅದಕ್ಕೆ ಐದು ತಿಂಗಳ ಹಿಂದಷ್ಟೇ, 1969ರ ನವೆಂಬರ್ 14ರಂದು, ಅಪೊಲೊ 12ಕ್ಕೆ ಏರುವಾಗಲೇ ಎರಡು ಸಲ ಸಿಡಿಲು ಬಡಿದಿತ್ತು. ಪರದೆಯ ಅಂಕಿಗಳೆಲ್ಲ ಅರ್ಥವಿಲ್ಲದ ಕಸವಾದವು. ನೆಲದ ನಿಯಂತ್ರಣ ಕೊಠಡಿಯಲ್ಲಿದ್ದ 26 ವರ್ಷದ ಜಾನ್ ಆರನ್ ಆ ಕಸದ ಚಹರೆಯನ್ನು ಹಿಂದೊಮ್ಮೆ ನೆಲದ ಪರೀಕ್ಷೆಯಲ್ಲಿ ನೋಡಿದ್ದರು. ಅದು ತಾನೇ ಹೋಯಿತೆಂದು ಬಿಡದೆ, ಯಾವ ಪೆಟ್ಟಿಗೆಗೆ ವಿದ್ಯುತ್ ಕಡಿಮೆಯಾದರೆ ಹಾಗಾಗುತ್ತದೆ ಎಂದು ತಿಳಿದಿಟ್ಟುಕೊಂಡಿದ್ದರು. ‘ಎಸ್‌ಸಿಇ ಟು ಆಕ್ಸ್’ ಎಂದರು. ಆ ಪೆಟ್ಟಿಗೆಯ ಸ್ವಿಚ್ಚನ್ನು ‘ಸಹಾಯಕ’ ಸ್ಥಾನಕ್ಕೆ ತಿರುಗಿಸಿ ಎಂದು ಅದರರ್ಥ. ಅದೇನೆಂದು ಹಾರಾಟದ ನಿರ್ದೇಶಕರಿಗೂ ಹೊಳೆಯಲಿಲ್ಲ. ನೌಕೆಯಲ್ಲಿದ್ದ ಅಲನ್ ಬೀನ್‌ಗೆ ಆ ಸ್ವಿಚ್ ಗೊತ್ತಿತ್ತು. ಅಂಕಿಗಳು ಮರಳಿದವು, ನೌಕೆ ಚಂದ್ರನಿಗೆ ಹೋಯಿತು. ಒಂದೇ ಸಂಸ್ಥೆ, ಒಂದೇ ಚಳಿಗಾಲ, ಎರಡು ಬಗೆಯ ಬುದ್ಧಿ.

ಹ್ಯೂಸ್ಟನ್‌ನ ಕಾಗದದ ರಾಶಿಯ ಬಗ್ಗೆ ನನಗೆ ಭಕ್ತಿಯೇನೂ ಇಲ್ಲ. ಓದದೆ ಸಹಿ ಹಾಕುವವರನ್ನು ಇಲ್ಲೂ ಕಂಡಿದ್ದೇನೆ. ಮಾತನಾಡಲು ಬಿಟ್ಟ ಮಾತ್ರಕ್ಕೆ ಕೇಳಿಸಿಕೊಂಡಂತೆಯೂ ಅಲ್ಲ: 1986ರಲ್ಲಿ ಏರುತ್ತಲೇ ಸಿಡಿದ ಚಾಲೆಂಜರ್ ನೌಕೆಯ ಹಾರಾಟದ ಹಿಂದಿನ ಸಂಜೆ ಎಂಜಿನಿಯರುಗಳು ಬೇಡವೆಂದೇ ಹೇಳಿದ್ದರು. ಇಲ್ಲಿ ಕಡಿಮೆಯಾಗಿರುವುದು ಕಣ್ಣು. ಪೀಣ್ಯದಲ್ಲಿ ಬೆಸುಗೆಯ ಮೇಜಿನ ಹಿರಿಯ ಹೆಂಗಸೊಬ್ಬರು ಬೋರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ‘ಇದು ಮುನಿಸಿಕೊಂಡಿದೆ’ ಎನ್ನುತ್ತಿದ್ದರು. ಮಂಕಾಗಿ ಕಂಡ ಆ ಬೆಸುಗೆಯನ್ನು ಮತ್ತೆ ಕಾಯಿಸಿದರೆ ಹೊಳೆಯುತ್ತಿತ್ತು. ಅವರ ಕಣ್ಣಿಗೆ ಸಮನಾದ ಕಣ್ಣನ್ನು ನಾನು ಇಲ್ಲಿ ಕಂಡಿಲ್ಲ. ಆದರೆ ಆ ಕಣ್ಣು ಕಂಡದ್ದನ್ನು ನಾವು ಒಂದು ದಿನವೂ ಬರೆದಿಡಲಿಲ್ಲ. ಅವರು ನಿವೃತ್ತರಾದ ಮೇಲೆ ಎಷ್ಟು ಬೆಸುಗೆಗಳು ಮುನಿಸಿಕೊಂಡೇ ಹೊರಟವೋ.

2023ರ ಅಕ್ಟೋಬರ್ 21ರಂದು ಶ್ರೀಹರಿಕೋಟದಲ್ಲಿ ಗಗನಯಾನದ ಮೊದಲ ಪರೀಕ್ಷಾ ವಾಹನ ಹಾರುವುದಿತ್ತು. ಇಲ್ಲಿ ಹಿಂದಿನ ದಿನದ ರಾತ್ರಿ ಒಂಬತ್ತೂವರೆ. ನಾನು ಮೊಬೈಲ್ ಹಿಡಿದು ಕುಳಿತಿದ್ದೆ. ಹವಾಮಾನದಿಂದ ಹೊತ್ತು ಮುಂದಕ್ಕೆ ಹೋಯಿತು. ಆಮೇಲೆ, ಇನ್ನು 5 ಸೆಕೆಂಡು ಇರುವಾಗ ಕಂಪ್ಯೂಟರು ತಾನೇ ಎಣಿಕೆ ನಿಲ್ಲಿಸಿತು. ಇಸ್ರೊ ಅಧ್ಯಕ್ಷ ಸೋಮನಾಥ್ ಪರದೆಗೆ ಬಂದು, ಎಂಜಿನ್ ಹೊತ್ತಿಕೊಳ್ಳಬೇಕಾದ ರೀತಿಯಲ್ಲಿ ಹೊತ್ತಿಕೊಳ್ಳಲಿಲ್ಲ, ನೋಡುತ್ತೇವೆ ಎಂದರು. ಅಲ್ಲಿನ ಹತ್ತು ಗಂಟೆಗೆ ವಾಹನ ಏರಿತು, ನೌಕೆ ಬೇರ್ಪಟ್ಟು ಸಮುದ್ರಕ್ಕಿಳಿಯಿತು.

ಗೆಳೆಯನಿಗೆ ಫೋನ್ ಮಾಡಿದೆ. ಅಷ್ಟು ಬೇಗ ಮತ್ತೆ ಹಾರಿಸಿದರಲ್ಲ, ಮೂರು ವಾರದ ಮನುಷ್ಯ ನಾನು, ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು ಎಂದೆ. ಅವನು ಇಸ್ರೊ ಪ್ರಕಟಣೆಯನ್ನು ಕನ್ನಡದಲ್ಲಿ, ನಿಧಾನವಾಗಿ, ನನ್ನ ಮಾತನ್ನೇ ನನಗೆ ಹಿಂತಿರುಗಿಸುವವನಂತೆ ಹೇಳಿದ: “ಕಾರಣ ಗುರುತಿಸಲಾಗಿದೆ, ಸರಿಪಡಿಸಲಾಗಿದೆ. ಸರಿಯಾಯಿತು ಅಂತ ಎಲ್ಲಾದರೂ ಇದೆಯೇನು?”

ಮಾಡಿದವರ ಹೆಸರು ಇಲ್ಲವಲ್ಲ ಎಂದೆ. ಫೋನ್ ಇಟ್ಟುಬಿಟ್ಟ.