ಡಬ್ಬಿ ಇಟ್ಟವರು ಊರಲ್ಲೇ ಇರಬೇಕು

ಜಿಯೋಕ್ಯಾಶಿಂಗ್ ಗುಂಪು ಕಟ್ಟಲು ಹೊರಟ ಗೆಳೆಯರು ನನ್ನನ್ನು ಮೊದಲು ಕೇಳುವುದು ಪ್ರಚಾರದ ಬಗ್ಗೆ. "ನೀನು ಹೊರನಾಡಿನಲ್ಲಿದ್ದೀಯ, ಅಲ್ಲಿ ದೊಡ್ಡ ದೊಡ್ಡ ಗುಂಪುಗಳಿವೆ, ಅವರು ಜನರನ್ನು ಹೇಗೆ ಸೇರಿಸುತ್ತಾರೆ ಹೇಳು" ಅನ್ನುತ್ತಾರೆ. ಬೇರೆ ಬೇರೆ ಊರುಗಳಲ್ಲಿ ಇದ್ದು, ಬೇರೆ ಬೇರೆ ಗುಂಪುಗಳ ಜೊತೆ ಆಡಿದ ಮೇಲೆ ನನಗೆ ಜನ ಸೇರಿಸುವುದು ಅಷ್ಟು ಕಷ್ಟ ಅನ್ನಿಸುವುದಿಲ್ಲ. ಸೇರಿದವರಲ್ಲಿ ಎಷ್ಟು ಮಂದಿ ತಾವೇ ಒಂದು ಡಬ್ಬಿ ಬಚ್ಚಿಟ್ಟು, ಅದನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಾರೆ? ಗುಂಪು ಉಳಿಯುತ್ತದೋ ಇಲ್ಲವೋ ಅನ್ನುವುದು ಅದರ ಮೇಲಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ನೀರು ಹೋಗದ ಡಬ್ಬಿಯಲ್ಲಿ ಹುಡುಕಿದವರು ಹೆಸರು ಬರೆಯುವ ಲಾಗ್ ಪುಸ್ತಕ ಹಾಕಿ ಎಲ್ಲೋ ಮರೆಯಲ್ಲಿ ಇಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಜಿಯೋಕ್ಯಾಶಿಂಗ್ ಡಾಟ್ ಕಾಮ್ ತಾಣದಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರುತ್ತಾರೆ. 2000ದ ಮೇ ತಿಂಗಳ ಶುರುವಿನಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತವನ್ನು ಬೇಕಂತಲೇ ಮಸುಕು ಮಾಡುವುದನ್ನು ನಿಲ್ಲಿಸಿತು, ಜನರಿಗೂ ಜಾಗ ನಿಖರವಾಗಿ ಸಿಗತೊಡಗಿತು. ಮೇ 3ರಂದು ಡೇವ್ ಅಲ್ಮರ್ ಅನ್ನುವವರು ಒರೆಗಾನ್‌ನ ಬೀವರ್‌ಕ್ರೀಕ್ ಹತ್ತಿರ ಒಂದು ಬಕೆಟ್ ಬಚ್ಚಿಟ್ಟರು. ಅದನ್ನು ಮೊದಲು ಹುಡುಕಿದ ಮೈಕ್ ಟೀಗ್ ಅಷ್ಟಕ್ಕೇ ನಿಲ್ಲಲಿಲ್ಲ. ತಾವೂ ಡಬ್ಬಿ ಇಟ್ಟರು, ಬೇರೆಯವರು ಇಟ್ಟ ಡಬ್ಬಿಗಳ ಪಟ್ಟಿಯನ್ನೂ ಮಾಡಿದರು. ಸೆಪ್ಟೆಂಬರ್ 2ರಂದು ಜೆರೆಮಿ ಐರಿಶ್ ಈ ತಾಣ ಶುರು ಮಾಡಿದಾಗ ಇಡೀ ಜಗತ್ತಿನಲ್ಲಿ ಗೊತ್ತಿದ್ದ ಕ್ಯಾಶ್‌ಗಳು, ಅಂದರೆ ಇಂಥ ಬಚ್ಚಿಟ್ಟ ಡಬ್ಬಿಗಳು, 75. ಇವತ್ತು 30 ಲಕ್ಷಕ್ಕೂ ಜಾಸ್ತಿ. ಹುಡುಕಿದವರು ಇಡಲು ಶುರು ಮಾಡಿದ್ದರಿಂದ ಬೆಳೆದ ಆಟ ಇದು.

ನಾನು ಮೊದಲಿದ್ದ ಊರಿನಲ್ಲಿ ಒಬ್ಬ ಮನುಷ್ಯನೇ ಗುಂಪು. ಬಹಳ ಉತ್ಸಾಹಿ, ಒಳ್ಳೆಯ ಮನಸ್ಸು. ಒಂದರ ನಂತರ ಒಂದು ಡಬ್ಬಿ ಇಡುತ್ತಿದ್ದರು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕು ಅನ್ನುವ ನಿಯಮವಿದೆ. ಅಷ್ಟು ಬಿಟ್ಟು ದಾರಿಯುದ್ದಕ್ಕೂ ಸಾಲಾಗಿ ಇಟ್ಟರೆ ನಕ್ಷೆ ತುಂಬಿಹೋಗುತ್ತದೆ, ಹೊರಗಿನಿಂದ ಬಂದವರಿಗೆ ಒಂದೇ ದಿನದಲ್ಲಿ ಹುಡುಕಿದ ಡಬ್ಬಿಗಳ ಲೆಕ್ಕ ಏರುತ್ತದೆ. ನೋಡಲು ಚೆಂದವೇ. ಆದರೆ ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಹೋದರು. ಡಬ್ಬಿಗಳಿಗೆ ನೀರು ನುಗ್ಗಿತು, ಕಾಗದ ಮುದ್ದೆಯಾಯಿತು, ಕೆಲವು ಕಾಣೆಯಾದವು. ತಾಣದಲ್ಲಿ "ಸಿಗಲಿಲ್ಲ" ಅಂತ ಲಾಗ್ ಮೇಲೆ ಲಾಗ್. ತಾಣದ ಪರವಾಗಿ ಡಬ್ಬಿಗಳನ್ನು ಪರಿಶೀಲಿಸುವ ರಿವ್ಯೂವರ್ ಎಚ್ಚರಿಸಿದರು, ಕಾದರು, ಕೊನೆಗೆ ಒಂದೊಂದಾಗಿ ಆರ್ಕೈವ್ ಮಾಡಿದರು, ಅಂದರೆ ಪಟ್ಟಿಯಿಂದ ತೆಗೆದರು. ರಿವ್ಯೂವರ್‌ಗಳು ಸಂಬಳವಿಲ್ಲದ ಸ್ವಯಂಸೇವಕರು, ಅವರನ್ನು ದೂರಿ ಫಲವಿಲ್ಲ. ಹೊಸದಾಗಿ ಆಡಲು ಬಂದವರು ಖಾಲಿ ಜಾಗದಲ್ಲಿ ಹುಡುಕಿ, ಬೇಸತ್ತು ಬಿಟ್ಟರು.

ಈಗಿರುವ ಊರಿನ ರೀತಿ ಬೇರೆ. ಇಲ್ಲಿ ನಕ್ಷೆ ಅಷ್ಟು ದಟ್ಟವಾಗಿಲ್ಲ, ಆದರೆ ಡಬ್ಬಿ ಇಟ್ಟವರ ಹೆಸರು ನೋಡಿದರೆ ಹತ್ತಾರು ಮಂದಿ. ಅದು ಸುಮ್ನೆ ಆಗಿದ್ದಲ್ಲ. ಇಲ್ಲಿನ ಹಿರಿಯ ಆಟಗಾರರು ಹೊಸಬರಿಗೆ ಮೊದಲು ಹುಡುಕುವುದನ್ನು ಕಲಿಸುತ್ತಾರೆ. ಒಂದಿಷ್ಟು ಅಭ್ಯಾಸವಾದ ಮೇಲೆ "ಈಗ ನೀವು ಇಡಿ" ಅನ್ನುತ್ತಾರೆ. ಜೊತೆಗೆ ಹೋಗಿ ಜಾಗ ನೋಡುತ್ತಾರೆ. ಆ ಜಾಗದವರ ಒಪ್ಪಿಗೆ ಕೇಳಿದಿರಾ? ಡಬ್ಬಿ ಮಳೆ ತಡೆಯುತ್ತದಾ? ನೆಲ ಅಗೆಯಬಾರದು ಅನ್ನುವುದು ಗೊತ್ತಾ? ಒಂದರಿಂದ ಐದರವರೆಗಿನ ಕಷ್ಟದ ಮಟ್ಟ ಮತ್ತು ದಾರಿಯ ಮಟ್ಟ ಸರಿಯಾಗಿ ಹಾಕಿದ್ದೀರಾ? ದಾರಿಯ ಮಟ್ಟ ಒಂದು ಅಂದರೆ ವೀಲ್‌ಚೇರಿನಲ್ಲಿ ಬರುವವರೂ ಅಲ್ಲಿಗೆ ತಲುಪುವಂತಿರಬೇಕು, ಅದನ್ನು ಅಂದಾಜಿನಲ್ಲಿ ಹಾಕುವ ಹಾಗಿಲ್ಲ. ಬಾಯ್ತುಂಬ ಹೊಗಳುವುದಕ್ಕಿಂತ ಹೀಗೆ ಒಂದು ಸಂಜೆ ಜೊತೆಗೆ ನಡೆಯುವುದೇ ನಾಯಕತ್ವ ಅಂತ ನಾನು ನಂಬುತ್ತೇನೆ. ತನ್ನ ಡಬ್ಬಿಯನ್ನು ಯಾರೋ ಅಪರಿಚಿತರು ಹುಡುಕಿ ನಾಲ್ಕು ಸಾಲು ಬರೆದಾಗ ಆಗುವ ಖುಷಿ ಇದೆಯಲ್ಲ, ಅದನ್ನು ಕಂಡವರು ಗುಂಪು ಬಿಟ್ಟು ಹೋಗುವುದು ಕಡಿಮೆ.

ಪ್ರಚಾರ ಬೇಡ ಅನ್ನುತ್ತಿಲ್ಲ. ಆದರೆ ಅದು ಸದಸ್ಯರಾಗಬಹುದಾದವರಿಗಿಂತ ಮೊದಲು ಪೊಲೀಸರಿಗೆ, ಉದ್ಯಾನ ನೋಡಿಕೊಳ್ಳುವವರಿಗೆ, ಅಕ್ಕಪಕ್ಕದ ನಿವಾಸಿಗಳಿಗೆ ಮುಟ್ಟಬೇಕು. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಒಂದು ಕ್ಯಾಶ್ ಡಬ್ಬಿಯನ್ನು ಬಾಂಬ್ ಅಂತ ಭಾವಿಸಿ ಸೇನೆಯ ತಂಡ ಅದನ್ನು ಸಿಡಿಸಿತು. ಇಂಥದ್ದು ಒಂದು ನಡೆದರೂ ಊರಿನಲ್ಲಿ ಆಟದ ಹೆಸರು ಕೆಡುತ್ತದೆ. ಪಾರದರ್ಶಕ ಡಬ್ಬಿ, ಮೇಲೆ ಇದು ಜಿಯೋಕ್ಯಾಶ್ ಅನ್ನುವ ಚೀಟಿ, ಸ್ಥಳೀಯ ಭಾಷೆಯಲ್ಲಿ ಎರಡು ಸಾಲು ವಿವರಣೆ ಇದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಉದ್ಯಾನದವರ ವಿಶ್ವಾಸ ಗಳಿಸಲು ಸಿಟೊ ಕಾರ್ಯಕ್ರಮಗಳಿಗಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಆಟಗಾರರೇ ಸೇರಿ ಕಸ ಹೆಕ್ಕುವ ಈ ಪದ್ಧತಿ 2002ರಿಂದ ನಡೆಯುತ್ತಿದೆ. ಚೀಲ ತುಂಬ ಕಸ ಹೊತ್ತು ಬಂದವರು ಒಂದು ಡಬ್ಬಿ ಇಡಲು ಒಪ್ಪಿಗೆ ಕೇಳಿದರೆ ಮಾತು ಸುಲಭ.

ಕಾರ್ಯಕ್ರಮಗಳ ವಿಷಯಕ್ಕೂ ಒಂದು ಮಾತು. 2014ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಗೀಗಾ ಇವೆಂಟ್ ಆಯಿತು. ಗೀಗಾ ಅನ್ನಿಸಿಕೊಳ್ಳಲು 5000 ಜನ ಬರಬೇಕು, ಮೆಗಾ ಅಂದರೆ 500. ಅದನ್ನು ನೋಡಿ ಹೊಸ ಗುಂಪುಗಳೂ ದೊಡ್ಡದರ ಕನಸನ್ನೇ ಕಾಣುತ್ತವೆ. ನನಗೆ ಚಿಕ್ಕ ಭೇಟಿಗಳೇ ಇಷ್ಟ. ನಿಯಮದ ಪ್ರಕಾರ ಅರ್ಧ ಗಂಟೆ ನಡೆದರೆ ಸಾಕು. ಎರಡು ವಾರ ಮೊದಲೇ ಪುಟವನ್ನು ಪರಿಶೀಲನೆಗೆ ಕಳಿಸಿರಬೇಕು, ಅಷ್ಟೇ. ಪ್ರತಿ ತಿಂಗಳು ಅದೇ ವಾರ, ಅದೇ ಹೊತ್ತು, ಆದರೆ ಪ್ರತಿ ಸಲ ಬೇರೆಯವರು ಕರೆಯಲಿ. ನಾಯಕ ಬರದಿದ್ದರೂ ಭೇಟಿ ನಡೆಯುತ್ತದಾ ನೋಡಿ. ಎಲ್ಲರೂ ನಾಯಕನ ಸುತ್ತಲೇ ನಿಂತರೆ ಹೊಸಬರು ಮೂಲೆಯಲ್ಲಿ ಫೋನ್ ನೋಡುತ್ತ ನಿಲ್ಲುತ್ತಾರೆ. ಅವರನ್ನು ಮಾತಾಡಿಸಲೆಂದೇ ಒಬ್ಬರಿರಬೇಕು.

ನನ್ನ ಹಾಗೆ ದೂರದಲ್ಲಿರುವ ಕನ್ನಡಿಗರಿಗೂ ಇದನ್ನು ಹೇಳಬೇಕು. ರಜೆಗೆ ಬಂದಾಗ ನಮ್ಮೂರಿನಲ್ಲಿ ನಾಲ್ಕು ಡಬ್ಬಿ ಇಟ್ಟು ಹೋಗೋಣ ಅನ್ನುವ ಆಸೆ ಸಹಜ, ಪ್ರೀತಿಯಿಂದಲೇ ಬರುತ್ತದೆ. ಆದರೆ ನೋಡಿಕೊಳ್ಳಲು ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಅಂಥ ಡಬ್ಬಿಯನ್ನು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. ನಿಯಮ ಸರಿಯಾಗಿಯೇ ಇದೆ. ಅದರ ಬದಲು ಅಲ್ಲೇ ಇರುವ ಒಬ್ಬರನ್ನು ಕರೆದುಕೊಂಡು ಹೋಗಿ ಹುಡುಕಿ. ಅವರಿಗೆ ಹಿಡಿಸಿದರೆ ಅವರ ಹೆಸರಿನಲ್ಲೇ ಇಡಲಿ. ಜಾಗದ ಕಥೆ ಬರೆಯಲು, ಪುಟವನ್ನು ಕನ್ನಡದಲ್ಲೂ ಸಿದ್ಧ ಮಾಡಲು ನೀವು ದೂರದಿಂದಲೇ ನೆರವಾಗಬಹುದು.

ಈಗಾಗಲೇ ಗುಂಪು ನಡೆಸುತ್ತಿರುವವರಿಗೆ ನನ್ನದೊಂದು ಕೋರಿಕೆ. ನಿಮ್ಮ ಡಬ್ಬಿಗಳಲ್ಲಿ ಕೆಲವನ್ನು ಈಗಲೇ ದತ್ತು ಕೊಡಿ. ಅದಕ್ಕೆ ತಾಣದಲ್ಲೇ ವ್ಯವಸ್ಥೆ ಇದೆ. ಇಟ್ಟವರು ಕೊಡಬೇಕು, ಪಡೆಯುವವರು ಒಪ್ಪಬೇಕು. ಆರ್ಕೈವ್ ಆದ ಮೇಲೆ ಕೈ ಬದಲಾಗುವುದಿಲ್ಲ. ಊರು ಬಿಡುವ ವಾರದಲ್ಲಿ ಇದೆಲ್ಲ ನೆನಪಾಗುವುದಿಲ್ಲ ಅಲ್ವಾ? ಮುಂದಿನ ಭೇಟಿಯಲ್ಲೇ ಕೇಳಿ, ಯಾರಿಗೆ ಯಾವ ಡಬ್ಬಿ ಹತ್ತಿರ ಅಂತ.